ಟಿವಿ ನೋಡುತ್ತಾ ವೀಣೆ ಅಭ್ಯಾಸ ಮಾಡಿದರೆ ಬೆರಳು ಕಲಿಯುತ್ತದಾ?

ವೀಣೆ_ಮಲ್ಲೇಶ್ವರ:

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೂ ದೊಡ್ಡವರಿಗೂ ವೀಣೆ ಹೇಳಿಕೊಡುತ್ತೇನೆ. ಈಚೆಗೆ ಪೋಷಕರು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಟಿವಿ ಹಾಕಿಕೊಂಡು ಸರಳೆ ವರಸೆ ನುಡಿಸಿದರೆ ತಪ್ಪೇನು ಮೇಡಂ? ಕೈ ಓಡುತ್ತಾ ಇದೆಯಲ್ಲ?" (ಸರಳೆ ವರಸೆ ಅಂದರೆ ಸಂಗೀತದ ಮೊದಲ ಸ್ವರಪಾಠಗಳು.)

ಗಮನ ಕೊಟ್ಟು ನುಡಿಸಲಿ ಅಂತ ಹೇಳುವುದು ಸುಲಭ. ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಬೇಕು, ಅಲ್ವಾ? ಅದರಲ್ಲೂ ವೀಣೆಯ ವಿಷಯದಲ್ಲಿ ಉತ್ತರ ಅಷ್ಟು ಸಲೀಸಲ್ಲ. ಎಡಗೈಯ ತೋರುಬೆರಳು, ನಡುಬೆರಳು ಮೆಟ್ಟಿಲ (ತಂತಿಯ ಕೆಳಗಿನ ಸ್ವರದ ಪಟ್ಟಿಗಳ) ಮೇಲೆ ಓಡಾಡುತ್ತವೆ. ಬಲಗೈಯ ಎರಡು ಬೆರಳು ಮೀಟುತ್ತವೆ. ಕಿರುಬೆರಳು ತಾಳದ ತಂತಿ ನೋಡಿಕೊಳ್ಳುತ್ತದೆ. ಇದರ ಜೊತೆ ಬಾಯಲ್ಲಿ ಸ್ವರ. ಇಷ್ಟನ್ನೂ ಒಟ್ಟಿಗೆ ಮಾಡುವ ಮಗುವಿಗೆ ಟಿವಿ ಒಂದು ಯಾಕೆ ಭಾರ ಆಗಬೇಕು?

ಇನ್ನೊಂದು ವಿಷಯ. ಮನೆಯಲ್ಲಿ ಟಿವಿ ಮುಂದೆ ಅಭ್ಯಾಸ ಮಾಡಿದ ಕೆಲವರು ಪಾಠ ಒಪ್ಪಿಸುವಾಗ ಮೊದಲಿನಿಂದ ಶುರು ಮಾಡಿದರೆ ಸರಾಗವಾಗಿ ನುಡಿಸುತ್ತಾರೆ. "ಮೂರನೇ ಸಾಲಿನಿಂದ ನುಡಿಸು" ಅಂದರೆ ಅಲ್ಲಿಗೇ ನಿಂತುಬಿಡುತ್ತಾರೆ. ಮತ್ತೆ ತಲೆಯಿಂದ ಶುರು ಮಾಡಿಯೇ ಅಲ್ಲಿಗೆ ಬರಬೇಕು. ಇದಕ್ಕೂ ಟಿವಿಗೂ ಸಂಬಂಧ ಇದೆಯಾ? ಗೊತ್ತಿರುವವರು ಹೇಳಿ.

ಮನಸ್ಸು_ಜಯನಗರ:

ಮೇಡಂ, ನಾನು ಮನಶ್ಶಾಸ್ತ್ರ ಓದಿದವನು. ನಿಮ್ಮ ಪ್ರಶ್ನೆಗೆ ತುಂಬ ಹತ್ತಿರದ ಪ್ರಯೋಗಗಳು ನಡೆದಿವೆ. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

1987ರಲ್ಲಿ ಅಮೆರಿಕದ ಮೇರಿ ಜೋ ನಿಸ್ಸೆನ್ ಮತ್ತು ಪೀಟರ್ ಬುಲೆಮರ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ 4 ಜಾಗ, ಕೆಳಗೆ 4 ಗುಂಡಿ. ಬೆಳಕು ಎಲ್ಲಿ ಬರುತ್ತದೋ ಅದರ ಕೆಳಗಿನ ಗುಂಡಿ ಬೇಗ ಒತ್ತಬೇಕು. ಬೆಳಕು ಬರುವ ಕ್ರಮ 10 ಹೆಜ್ಜೆಯದು. ಮುಗಿದ ಮೇಲೆ ಅದೇ ಕ್ರಮ ಮತ್ತೆ ಬರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಒತ್ತುತ್ತಾ ಒತ್ತುತ್ತಾ ಬೆರಳುಗಳ ವೇಗ ಏರುತ್ತದೆ. ಆಮೇಲೆ ಬೆಳಕನ್ನು ಅಡ್ಡಾದಿಡ್ಡಿ ಬರಿಸಿದರೆ ವೇಗ ಇಳಿಯುತ್ತದೆ. ಅಂದರೆ ಕ್ರಮವನ್ನು ಬೆರಳು ಕಲಿತಿದೆ.

ಈಗ ಇನ್ನೊಂದು ಗುಂಪು. ಅದೇ ಬೆಳಕು, ಅದೇ ಗುಂಡಿ. ಜೊತೆಗೆ ಕಿವಿಗೆ ಎತ್ತರದ್ದೋ ತಗ್ಗಿನದೋ ಸದ್ದು ಕೇಳಿಸುತ್ತಿರುತ್ತದೆ. ತಗ್ಗಿನ ಸದ್ದು ಎಷ್ಟು ಬಂತು ಅಂತ ಎಣಿಸುತ್ತಾ ಗುಂಡಿ ಒತ್ತಬೇಕು. ಈ ಗುಂಪಿನವರ ಬೆರಳು ಕ್ರಮವನ್ನು ಕಲಿತ ಗುರುತು ಕಾಣಲಿಲ್ಲ. ಗುಂಡಿ ಒತ್ತಿದ್ದೇನೋ ನಿಜ. ನೀವು ಹೇಳಿದ ಪೋಷಕರ ಮಾತು, "ಕೈ ಓಡುತ್ತಾ ಇದೆಯಲ್ಲ" ಅನ್ನುವುದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕೈ ಓಡುವುದೇ ಬೇರೆ, ಕೈ ಪಳಗುವುದೇ ಬೇರೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಆಶರ್ ಕೋಹೆನ್, ರಿಚರ್ಡ್ ಐವ್ರಿ, ಸ್ಟೀವನ್ ಕೀಲ್ ಅವರು ಕ್ರಮದ ಒಳಗಿನ ಕಟ್ಟು ಹೇಗಿದೆ ಅಂತ ನೋಡಿದರು. 1 ಆದ ಮೇಲೆ ಯಾವಾಗಲೂ 5, 5 ಆದ ಮೇಲೆ ಯಾವಾಗಲೂ 2, ಹೀಗೆ ಒಂದಕ್ಕೆ ಒಂದೇ ಮುಂದಿನದು ಇದ್ದರೆ ಎಣಿಸುತ್ತಲೇ ಜನ ಕಲಿತರು. ಆದರೆ 1ರ ನಂತರ ಒಮ್ಮೆ 2, ಒಮ್ಮೆ 3 ಬರುವ ಕ್ರಮಗಳು ಗಮನ ಹಂಚಿಹೋದಾಗ ಬೆರಳಿಗೆ ಹತ್ತಲಿಲ್ಲ. ಮುಂದೆ ಬೇರೆಯವರು ತುಂಬ ಜಾಸ್ತಿ ಅಭ್ಯಾಸ ಕೊಟ್ಟಾಗ ಇಂಥ ಕ್ರಮಗಳನ್ನೂ ಜನ ಸ್ವಲ್ಪ ಕಲಿತದ್ದು ಕಂಡಿದೆ. ಆದರೆ ಅದು ಕಷ್ಟದ ದಾರಿ.

ವೀಣೆ_ಮಲ್ಲೇಶ್ವರ:

ಸರ್, ಇದು ನಮ್ಮ ಎರಡನೇ ಸರಳೆ ವರಸೆಯಲ್ಲೇ ಇದೆ. "ಸರಿಸರಿ ಸರಿಗಮ, ಸರಿಗಮ ಪದನಿಸ." ರಿ ಆದ ಮೇಲೆ ಒಮ್ಮೆ ಸ, ಒಮ್ಮೆ ಗ. ಎಷ್ಟನೇ ರಿ ಅಂತ ಗೊತ್ತಿಲ್ಲದಿದ್ದರೆ ಬೆರಳು ಯಾವ ಕಡೆ ಹೋಗಬೇಕು? ಮಕ್ಕಳು ಎಡವುವುದೂ ಅಲ್ಲೇ. ಮೊದಲನೇ ವರಸೆಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ನುಡಿಸುತ್ತಾರೆ. ಏರುವಾಗ ಏರುತ್ತಲೇ ಇರಬೇಕು, ಇಳಿಯುವಾಗ ಇಳಿಯುತ್ತಲೇ ಇರಬೇಕು. ಎರಡನೆಯದಕ್ಕೆ ಬಂದಾಗ ಮನೆಯಲ್ಲಿ ಏನು ನಡೀತಿದೆ ಅನ್ನುವುದು ಪಾಠದಲ್ಲಿ ಗೊತ್ತಾಗಿಬಿಡುತ್ತದೆ. ಸ್ವರ ಹಾರಿಸಿ ಹಾರಿಸಿ ನುಡಿಸುವ ದಾಟು ವರಸೆಗೆ ಬಂದರಂತೂ ಕೇಳುವುದೇ ಬೇಡ.

ಅಂದರೆ ಪೋಷಕರಿಗೆ ಕೊಡಬೇಕಾದ ಉತ್ತರ ಪಾಠದಿಂದ ಪಾಠಕ್ಕೆ ಬದಲಾಗುತ್ತದೆ. ಇದು ನನಗೆ ದೊಡ್ಡ ವಿಷಯ.

ಅಮ್ಮ_ಬನಶಂಕರಿ:

ಕ್ಷಮಿಸಿ ಮೇಡಂ, ಒಂದು ಮಾತು. ನಮ್ಮದು ಒಂದು ಹಾಲ್, ಒಂದು ರೂಮಿನ ಮನೆ. ಮಗಳು ಭರತನಾಟ್ಯ ಕಲಿಯುತ್ತಾಳೆ. ಸಂಜೆ ಅವಳು ಅಡವು (ನೃತ್ಯದ ಮೂಲ ಹೆಜ್ಜೆಗಳು) ಅಭ್ಯಾಸ ಮಾಡುವ ಹೊತ್ತಿಗೇ ಅತ್ತೆಯವರ ಧಾರಾವಾಹಿ. ರೂಮಿನಲ್ಲಿ ಮಂಚ ಇದೆ, ಕಾಲು ಚಾಚಲು ಜಾಗ ಇಲ್ಲ. ಟೆರೇಸಿಗೆ ಹೋದರೆ ಕೆಳಗಿನ ಮನೆಯವರು ಕಾಲು ಕುಟ್ಟುವ ಸದ್ದು ಅಂತಾರೆ. ನಿಶ್ಶಬ್ದವಾದ ಜಾಗ ಇರುವವರ ಮಕ್ಕಳು ಮಾತ್ರ ಕಲಿಯಬೇಕಾ?

ಅವಳು ಟಿವಿ ನೋಡುವುದಿಲ್ಲ. ಅದು ಪಕ್ಕದಲ್ಲಿ ಓಡುತ್ತಿರುತ್ತದೆ ಅಷ್ಟೇ.

ಮನಸ್ಸು_ಜಯನಗರ:

ಅಮ್ಮ, ಖಂಡಿತ ಹಾಗಲ್ಲ. ನೀವು ಕೊನೆಯಲ್ಲಿ ಬರೆದ ಸಾಲು ತುಂಬ ಮುಖ್ಯ. ಪಕ್ಕದಲ್ಲಿ ಸದ್ದು ಇರುವುದು ಮತ್ತು ಆ ಸದ್ದಿಗೆ ಉತ್ತರ ಕೊಡಬೇಕಾಗಿರುವುದು ಎರಡೂ ಒಂದೇ ಅಲ್ಲ. ನಿಸ್ಸೆನ್ ಪ್ರಯೋಗದಲ್ಲಿ ತೊಂದರೆಯಾದದ್ದು ಎಣಿಸಬೇಕಾದವರಿಗೆ.

ಬೇರೆ ಕ್ಷೇತ್ರದಿಂದ ಒಂದು ಉದಾಹರಣೆ. 2001ರಲ್ಲಿ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ ಗಾಡಿ ಓಡಿಸುವುದನ್ನು ಹೋಲುವ ಕೆಲಸ ಕೊಟ್ಟರು. ಫೋನಿನಲ್ಲಿ ಮಾತಾಡುತ್ತಿದ್ದವರು ಸಿಗ್ನಲ್ ತಪ್ಪಿಸಿಕೊಂಡದ್ದು ಎರಡು ಪಟ್ಟಿಗೂ ಜಾಸ್ತಿ. ಫೋನ್ ಕೈಯಲ್ಲಿದ್ದರೂ ಅಷ್ಟೇ, ಕೈಗೆ ಹಿಡಿಯದೆ ಮಾತಾಡಿದರೂ ಅಷ್ಟೇ. ಆದರೆ ರೇಡಿಯೊ ಕೇಳುತ್ತಿದ್ದವರಿಗೆ ಆ ತೊಂದರೆ ಕಾಣಲಿಲ್ಲ. ನಿಮ್ಮ ಮಗಳಿಗೆ ಧಾರಾವಾಹಿ ರೇಡಿಯೊ ಇದ್ದ ಹಾಗೆ ಇರಲಿ. "ಈಗ ಏನಾಯ್ತು ಹೇಳು" ಅಂತ ಅಜ್ಜಿ ಕೇಳಿದರೆ ಮಾತ್ರ ಅದು ಎರಡನೇ ಕೆಲಸ ಆಗುತ್ತದೆ. ಪರದೆಗೆ ಬೆನ್ನು ಮಾಡಿ ನಿಂತರೆ ಇನ್ನೂ ಒಳ್ಳೆಯದು.

ಕ್ಲಚ್_ವಿಜಯನಗರ:

ಗಾಡಿ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಈಗ ಕಾರು ಕಲಿಯುತ್ತಿದ್ದೇನೆ. ಏರು ರಸ್ತೆಯಲ್ಲಿ ನಿಂತ ಗಾಡಿ ಹೊರಡಿಸುವುದು ಇನ್ನೂ ಕೈಗೆ ಬಂದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್, ಕ್ಲಚ್ ಮೆಲ್ಲಗೆ ಬಿಡುತ್ತಾ ಸ್ವಲ್ಪ ಆಕ್ಸಿಲರೇಟರ್, ಎಂಜಿನ್ ಸದ್ದು ಬದಲಾಗಿ ಬಾನೆಟ್ ಕೊಂಚ ಎದ್ದಂತೆ ಆದಾಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಖಾಲಿ ರಸ್ತೆಯಲ್ಲಿ ಬರುತ್ತದೆ. ಫ್ಲೈಓವರ್ ಏರಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ಯಾವುದಾದರೂ ಒಂದು ಹೆಜ್ಜೆ ಬಿಟ್ಟುಹೋಗುತ್ತದೆ.

ಕಲಿಸುವವರು ಪಕ್ಕದಲ್ಲಿ ಕೂತು ಪೂರ್ತಿ ಹೊತ್ತು ಮಾತಾಡುತ್ತಾರೆ. ಊರು ಯಾವುದು, ಕೆಲಸ ಎಲ್ಲಿ, ಬಾಡಿಗೆ ಎಷ್ಟು. "ಮಾತಾಡ್ತಾ ಓಡಿಸಿದ್ರೇ ಅಭ್ಯಾಸ ಆಗೋದು" ಅನ್ನುತ್ತಾರೆ. ಅವರು ಹೇಳುವುದು ಸರೀನಾ?

ಮನಸ್ಸು_ಜಯನಗರ:

ಕೊನೆಗೆ ಬೇಕಾದ ಅಭ್ಯಾಸವನ್ನು ಅವರು ಮೊದಲೇ ಮಾಡಿಸುತ್ತಿದ್ದಾರೆ. ಪಾಲ್ ಫಿಟ್ಸ್ ಮತ್ತು ಮೈಕಲ್ ಪೋಸ್ನರ್ 1967ರಲ್ಲಿ ಕೈಗೆಲಸ ಕಲಿಯುವುದನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುವುದು. ಆಮೇಲೆ ಹೆಜ್ಜೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದು. ಕೊನೆಗೆ ಯೋಚಿಸದೆ ಆಗುವುದು. ನೀವಿನ್ನೂ ಮೊದಲ ಎರಡರ ನಡುವೆ ಇದ್ದೀರಿ. ಈಗ ನಿಮ್ಮ ಮಾತಿಗೂ ಕ್ಲಚ್ಚಿಗೂ ಒಂದೇ ಗಮನ ಹಂಚಿಕೆಯಾಗಬೇಕು. "ಏರಿನಲ್ಲಿ ಮಾತ್ರ ಸ್ವಲ್ಪ ಮಾತು ನಿಲ್ಲಿಸಿ ಸರ್" ಅಂತ ಮುಲಾಜಿಲ್ಲದೆ ಹೇಳಿ.

ಇದರ ಇನ್ನೊಂದು ಮುಖವನ್ನು 2002ರಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ತೋರಿಸಿದರು. ಪಳಗಿದ ಫುಟ್ಬಾಲ್ ಆಟಗಾರರು ಚೆಂಡು ತಳ್ಳಿಕೊಂಡು ಓಡುವಾಗ ಕಿವಿಗೆ ಬೀಳುವ ಪದಗಳನ್ನು ಗಮನಿಸುವ ಕೆಲಸ ಕೊಟ್ಟರೆ ಅವರ ಬಲವಾದ ಕಾಲಿನ ಆಟ ಕೆಡಲಿಲ್ಲ. ಪಾದದ ಯಾವ ಬದಿ ಚೆಂಡಿಗೆ ತಾಗಿತು ಅಂತ ಹೇಳುತ್ತಾ ಓಡಿ ಅಂದಾಗ ನಿಧಾನವಾದರು. ಹೊಸಬರದ್ದು ತಿರುಗುಮುರುಗು. ಪಾದದ ಮೇಲೆ ಗಮನ ಇಟ್ಟಾಗ ಚೆನ್ನಾಗಿ ಓಡಿದರು, ಪದಗಳ ಕಡೆ ಗಮನ ಹೋದಾಗ ಎಡವಿದರು.

ಮೃದಂಗ_ಬಸವನಗುಡಿ:

ಇದನ್ನು ಕಣ್ಣಾರೆ ನೋಡಬೇಕಾದರೆ ಗಾಂಧಿ ಬಜಾರಿನ ಹೂವಿನ ಸಾಲಿಗೆ ಹೋಗಿ. ಎರಡು ಮೊಗ್ಗು ಈ ಕಡೆ ತಲೆ, ಎರಡು ಆ ಕಡೆ ತಲೆ, ಬೆರಳಿಗೆ ದಾರ ಸುತ್ತಿ ಕುಣಿಕೆ, ಒಂದು ಎಳೆತ. ಆ ಅಮ್ಮ ನಿಮ್ಮ ಹತ್ತಿರ ಚೌಕಾಸಿ ಮಾಡುತ್ತಾರೆ, ಪಕ್ಕದವರಿಗೆ ಚಿಲ್ಲರೆ ಇದೆಯಾ ಅಂತ ಕೇಳುತ್ತಾರೆ, ಬೆರಳು ನಿಲ್ಲುವುದಿಲ್ಲ. "ಹೇಗೆ ಕಟ್ಟೋದು ತೋರಿಸಮ್ಮ" ಅಂದರೆ ಮಾತ್ರ ಕೈ ನಿಲ್ಲಿಸಿ, ಒಂದೆರಡು ಸಲ ತಡವರಿಸಿ, "ನೋಡಪ್ಪ, ಹಿಂಗೆ" ಅನ್ನುತ್ತಾರೆ. ಅವರ ಹಾಗೆ ಕಟ್ಟಬೇಕು ಅಂತ ಹೊಸಬರು ಮಾತಾಡುತ್ತಾ ಕಟ್ಟಲು ಹೋದರೆ ಒಂದು ಮೊಳವೂ ನಿಲ್ಲುವುದಿಲ್ಲ, ಮೊಗ್ಗು ಉದುರಿಹೋಗುತ್ತದೆ.

ವೀಣೆ ಮೇಡಂ ಮೊದಲು ಕೇಳಿದ ಪ್ರಶ್ನೆಗೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ತಾಳ, ಮೀಟು, ಸ್ವರ ಒಟ್ಟಿಗೆ ಆಗುತ್ತದೆ, ಟಿವಿ ಮಾತ್ರ ಯಾಕೆ ಭಾರ? ನಮ್ಮಲ್ಲೂ ಹಾಗೇ. ಮೃದಂಗ ಮುಟ್ಟುವ ಮೊದಲೇ ಬಾಯಲ್ಲಿ "ತಕಧಿಮಿ" ಹೇಳಿಸಿ ಕೈಯಲ್ಲಿ ಆದಿತಾಳ ಹಾಕಿಸುತ್ತೇವೆ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು. ಆಮೇಲೆ ಅದೇ ತಾಳಕ್ಕೆ ತಿಶ್ರ ನಡೆ, ಅಂದರೆ ಒಂದು ಎಣಿಕೆಗೆ ಮೂರು ಅಕ್ಷರ, "ತಕಿಟ ತಕಿಟ". ಇದು ಎರಡು ಕೆಲಸವೇ. ಆದರೂ ಕಲಿಕೆಗೆ ಅಡ್ಡ ಬರುವುದಿಲ್ಲ. ತಾಳ ಬಿಡಿಸಿ ಬರೀ ಬಾಯಿಪಾಠ ಮಾಡಿಸಿದರೆ ಪಾಠ ಕೂರುವುದೇ ಇಲ್ಲ.

ಮನಸ್ಸು_ಜಯನಗರ:

ಸರಿಯಾಗಿ ಹಿಡಿದಿರಿ ಸರ್. ಇದಕ್ಕೆ ಒಳ್ಳೆಯ ಉತ್ತರ ಜರ್ಮನಿಯ ಫೋಲ್ಕರ್ ಶ್ಮಿಟ್ಕೆ ಮತ್ತು ಹರ್ಬರ್ಟ್ ಹಾಯರ್ ಅವರ 1997ರ ಕೆಲಸದಲ್ಲಿ ಸಿಗುತ್ತದೆ. ಗುಂಡಿಯ ಕ್ರಮಕ್ಕೂ ಸದ್ದಿನ ಕ್ರಮಕ್ಕೂ ಉದ್ದ ಒಂದೇ ಆಗಿ, ಎರಡೂ ಒಟ್ಟೊಟ್ಟಿಗೆ ಸುತ್ತು ಮುಗಿಸಿದರೆ ಜನ ಚೆನ್ನಾಗಿ ಕಲಿತರು. ಸದ್ದು ತನಗೆ ಇಷ್ಟ ಬಂದಂತೆ ಬಂದರೆ ಕಲಿಕೆ ಕುಂದಿತು. ಅಂದರೆ ತಲೆ ಎರಡನ್ನೂ ಸೇರಿಸಿ ಒಂದೇ ಕ್ರಮವಾಗಿ ಹಿಡಿಯಲು ನೋಡುತ್ತದೆ. ಸೇರುವಂಥದ್ದಾದರೆ ಲಾಭ, ಸೇರದಿದ್ದರೆ ನಷ್ಟ.

ಆದಿತಾಳ 8 ಎಣಿಕೆಗೆ ಸುತ್ತು ಮುಗಿಸುತ್ತದೆ. ವರಸೆಯೂ ಅದರೊಳಗೇ ಕೂರುತ್ತದೆ. ಎಷ್ಟನೇ ರಿ ಅನ್ನುವ ಅನುಮಾನ ಬಂದಾಗ ತಾಳದ ಬೆರಳೇ ಹೇಳಿಬಿಡುತ್ತದೆ. ಧಾರಾವಾಹಿಯ ಮಾತು ಯಾವ ಎಣಿಕೆಗೆ ಬೀಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಎರಡು ಕೈಗಳಲ್ಲಿ ಎರಡು ಲಯ ತಟ್ಟುವ ಬಗ್ಗೆ ಸ್ಟುವರ್ಟ್ ಕ್ಲ್ಯಾಪ್ 1979ರಲ್ಲೇ ಇಂಥ ಮಾತು ಹೇಳಿದ್ದರು. ಎರಡು ಲಯಗಳ ಕಾಲ ಒಂದಕ್ಕೊಂದು ಸರಿಯಾಗಿ ಭಾಗವಾಗುವಂತಿದ್ದರೆ ಒಟ್ಟಿಗೆ ಮಾಡಬಹುದು. ಇಲ್ಲದಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ವೀಣೆ_ಮಲ್ಲೇಶ್ವರ:

ಇದನ್ನು ಓದಿ ನಿಜಕ್ಕೂ ಖುಷಿಯಾಯಿತು. ತಾಳದ ತಂತಿ ಬಿಟ್ಟು ಬರೀ ಎಡಗೈ ಕಲಿಸಿ, ಆಮೇಲೆ ತಾಳ ಸೇರಿಸಿ ಅಂತ ಕೆಲವರು ಹೇಳುತ್ತಾರೆ. ಮೊದಲ ಕಾಲದಲ್ಲಿ (ವೇಗದಲ್ಲಿ) ನಿಧಾನವಾಗಿಯಾದರೂ ಸರಿ, ಕಿರುಬೆರಳು ಮೊದಲ ದಿನದಿಂದಲೇ ಜೊತೆಗಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಇನ್ನು ಮುಂದೆ ಗಟ್ಟಿಯಾಗಿ ಹೇಳುತ್ತೇನೆ.

ಫೋನಿನ ವಿಷಯ ಕೇಳಬೇಕಿತ್ತು. ಟಿವಿಗಿಂತ ಅದೇ ಜಾಸ್ತಿ ತೊಂದರೆ ಅಂತ ನನಗನ್ನಿಸುತ್ತದೆ. ದೊಡ್ಡ ವಿದ್ಯಾರ್ಥಿಗಳು ಆಫೀಸಿನ ಮೆಸೇಜ್ ಬಂದರೆ ಆವರ್ತನದ (ತಾಳದ ಒಂದು ಸುತ್ತಿನ) ಮಧ್ಯದಲ್ಲೇ ನಿಲ್ಲಿಸಿ, ನೋಡಿ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ನೋಡುವುದು ಎರಡೇ ಸೆಕೆಂಡು.

ಮನಸ್ಸು_ಜಯನಗರ:

ಎರಡು ಸೆಕೆಂಡೇ ಸಾಕು ಮೇಡಂ. ಮೈಕಲ್ ಸ್ಟಾಡ್ಲರ್ 1995ರಲ್ಲಿ ಇದನ್ನೇ ಕೇಳಿಕೊಂಡರು. ಎಣಿಸುವುದು ಗಮನ ತಿನ್ನುತ್ತದೆ ಅಂತ ಕಲಿಕೆ ಕೆಡುತ್ತದಾ, ಅಥವಾ ಕ್ರಮದ ನಡುವೆ ಬಿರುಕು ಬೀಳುತ್ತದೆ ಅಂತಾನಾ? ಅವರು ಒಂದು ಗುಂಪಿಗೆ ಎಣಿಸುವ ಕೆಲಸ ಕೊಡಲಿಲ್ಲ. ಬೆಳಕುಗಳ ನಡುವೆ ಅಲ್ಲಲ್ಲಿ, ಹೇಳದೆ ಕೇಳದೆ ವಿರಾಮ ಬರುವಂತೆ ಮಾಡಿದರು. ಅಷ್ಟಕ್ಕೇ ಕಲಿಕೆ ಎಣಿಸಿದವರ ಹಾಗೆಯೇ ಕುಂದಿತು. ಹೂಮಾಲೆಯ ದಾರ ಪ್ರತಿ ಸಲ ಬೇರೆ ಬೇರೆ ಕಡೆ ತುಂಡಾದ ಹಾಗೆ, ಎಲ್ಲಿಂದ ಎಲ್ಲಿಗೆ ಒಂದು ತುಣುಕು ಅನ್ನುವುದು ಬೆರಳಿಗೆ ತಿಳಿಯುವುದೇ ಇಲ್ಲ.

ಹಾಗಾಗಿ ನಿಲ್ಲಿಸಲೇಬೇಕಾದರೆ ಆವರ್ತನ ಮುಗಿಸಿ ನಿಲ್ಲಿಸಲಿ. ಬಿಟ್ಟಲ್ಲಿಂದ ಹಿಡಿಯುವ ಬದಲು ಆ ಸಾಲನ್ನು ಮೊದಲಿನಿಂದ ನುಡಿಸಲಿ.

ನಿಮ್ಮ ಇನ್ನೊಂದು ಪ್ರಶ್ನೆ ಉಳಿದಿದೆ. ಮಧ್ಯದಿಂದ ಯಾಕೆ ಶುರು ಮಾಡಲಾಗುವುದಿಲ್ಲ? 2006ರಲ್ಲಿ ಕರಿನ್ ಫೋರ್ಡೆ, ಬಾರ್ಬರಾ ನೋಲ್ಟನ್, ರಸೆಲ್ ಪೋಲ್ಡ್ರಾಕ್ ಅವರ ಪ್ರಯೋಗದಲ್ಲಿ ಜನ ಚಿತ್ರದ ಕಾರ್ಡು ನೋಡಿ ಮಳೆಯೋ ಬಿಸಿಲೋ ಅಂತ ಊಹಿಸಬೇಕಿತ್ತು. ಇದು ಬೆರಳಿನ ಕ್ರಮದ ಪ್ರಯೋಗ ಅಲ್ಲ, ಆದರೂ ಹತ್ತಿರದ್ದು. ಸದ್ದು ಎಣಿಸುತ್ತಾ ಕಲಿತಾಗಲೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಊಹಿಸಿದರು. ಆದರೆ ಹಾಗೆ ಕಲಿತ ಕಾರ್ಡುಗಳ ಬಗ್ಗೆ ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಿದಾಗ ಅವರ ಉತ್ತರ ಹಿಂದೆ ಬಿತ್ತು. ಗಮನ ಕೊಟ್ಟು ಕಲಿತಾಗ ಕಲಿಕೆ ಮಿದುಳಿನಲ್ಲಿ ನೆನಪಿಗೆ ಹೆಸರಾದ ಹಿಪೊಕ್ಯಾಂಪಸ್ ಜೊತೆ ಹೊಂದಿಕೊಂಡಿತ್ತು, ಗಮನ ಹಂಚಿಹೋದಾಗ ಅಭ್ಯಾಸಬಲಕ್ಕೆ ಹೆಸರಾದ ಸ್ಟ್ರಯೇಟಂ ಜೊತೆ. ಮೊದಲಿನಿಂದ ನುಡಿಸಿದರೆ ಬರುತ್ತದೆ, ಬೇರೆ ಕಡೆಯಿಂದ ಕೇಳಿದರೆ ಬರುವುದಿಲ್ಲ ಅನ್ನುವ ನಿಮ್ಮ ಮಾತಿಗೆ ಇದು ಹೊಂದುತ್ತದೆ ಅಂತ ನನ್ನ ಎಣಿಕೆ.

ಫಿಸಿಯೋ_ರಾಜಾಜಿನಗರ:

ಮಕ್ಕಳ ಮಾತಿನ ನಡುವೆ ಮನೆಯ ಹಿರಿಯರನ್ನೂ ನೆನೆಯಬೇಕು. ನಡೆಯುವುದೂ ಒಂದು ಚಲನೆಯ ಸರಣಿ ತಾನೇ? ಸ್ವೀಡನ್ನಿನ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು 1997ರಲ್ಲಿ 58 ಮಂದಿ ವಯಸ್ಸಾದವರ ಜೊತೆ ನಡೆಯುತ್ತಾ ಮಾತಿಗಿಳಿದು ನೋಡಿದರು. 12 ಮಂದಿ ಮಾತಾಡಲು ನಿಂತುಬಿಟ್ಟರು. ಮುಂದಿನ 6 ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು.

ಅಜ್ಜಿ ಮೆಟ್ಟಿಲು ಇಳಿಯುವಾಗ, ಬಚ್ಚಲಿಂದ ಹೊರಗೆ ಬರುವಾಗ ದೂರದಿಂದ ಕೂಗಿ ಪ್ರಶ್ನೆ ಕೇಳಬೇಡಿ. ದಯವಿಟ್ಟು. ಅವರು ಕೂತ ಮೇಲೆ ಕೇಳಿ. ಪಾರ್ಶ್ವವಾಯು ಆದವರಿಗೆ ನಡಿಗೆ ಕಲಿಸುವಾಗ ನಾವೂ ಮೊದಲು ಬರೀ ನಡಿಗೆ ಮಾಡಿಸುತ್ತೇವೆ. ಅದು ಗಟ್ಟಿಯಾದ ಮೇಲೆ 100ರಿಂದ ಮೂರು ಮೂರು ಕಳೆಯುತ್ತಾ ನಡೆಯಿರಿ ಅನ್ನುತ್ತೇವೆ. ಮನೆಗೆ ಹೋದ ಮೇಲೆ ಅವರು ಮಾತಾಡುತ್ತಾ, ಗಾಡಿ ನೋಡುತ್ತಾ ರಸ್ತೆ ದಾಟಬೇಕಲ್ಲ.

ಅಮ್ಮ_ಬನಶಂಕರಿ:

ನಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿದೆ. ಮಗಳು ಕುಣಿಯುವಾಗ ಮಾತಾಡಿಸುವುದಿಲ್ಲ ಅಂದರು. ಇನ್ನೊಂದು ಸಂದೇಹ. ಮನೆಯಲ್ಲಿ ಸದ್ದಿನ ನಡುವೆ ಅವಳ ನಾಟಡವು ಎರಡನೇ ಕಾಲದಲ್ಲಿ ತಪ್ಪುತ್ತದೆ. ತರಗತಿಯಲ್ಲಿ ಗುರುಗಳು ಕೋಲಿನಿಂದ ಮಣೆ ತಟ್ಟಿದರೆ ಸರಿಯಾಗಿ ಬರುತ್ತದೆ. ಕಲಿತಿದ್ದಾಳೋ ಇಲ್ಲವೋ ಹೇಗೆ ತಿಳಿಯುವುದು?

ಮನಸ್ಸು_ಜಯನಗರ:

ಕಲಿತಿದ್ದಾಳೆ. ಕಲಿಯುವುದು ಮತ್ತು ಕಲಿತದ್ದನ್ನು ತೋರಿಸುವುದು ಎರಡನ್ನೂ ಬೇರೆ ಮಾಡಿ ನೋಡಬೇಕು ಅಂತ ಪೀಟರ್ ಫ್ರೆಂಶ್ ಮತ್ತು ಸಂಗಡಿಗರು 1998ರಲ್ಲಿ ವಾದಿಸಿದರು. ಎರಡನೇ ಕೆಲಸ ಹೊತ್ತುಕೊಂಡಿರುವಾಗ ಅಳೆದರೆ ಕಲಿತದ್ದೂ ಮುಚ್ಚಿಹೋಗಬಹುದು. ಆ ಕೆಲಸ ತೆಗೆದು ಅಳೆದಾಗ ಕಲಿಕೆ ಹೊರಗೆ ಬರುತ್ತದೆ. ಆದ್ದರಿಂದ ಸದ್ದಿನ ನಡುವೆ ತಪ್ಪಿದ್ದಕ್ಕೆ ಮಗುವನ್ನು ಬೈಯಬೇಡಿ.

ಮೃದಂಗ_ಬಸವನಗುಡಿ:

ನಾನು ಅದಕ್ಕೆ ಒಂದು ಸೇರಿಸುತ್ತೇನೆ. ಪಾಠ ಕೂತ ಮೇಲೆ ಸದ್ದಿನಲ್ಲಿ ಮಾಡಿಸುವುದೂ ಬೇಕು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ನೋಡಿ. ರಸ್ತೆಯ ಸದ್ದು, ಓಡಾಡುವ ಜನ. ವೇದಿಕೆಯಲ್ಲಿರುವವರು ಮೈಕಿನವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ಬಂದವರಿಗೆ ತಲೆಯಾಡಿಸುತ್ತಾರೆ, ಕೈ ತಾಳ ತಪ್ಪುವುದಿಲ್ಲ. ಬರೀ ಮುಚ್ಚಿದ ಕೋಣೆಯಲ್ಲಿ ನುಡಿಸಿದವರಿಗೆ ಅಲ್ಲಿ ಕೂರುವುದು ಕಷ್ಟ. ಆದರೆ ಹೊಸ ಪಾಠ ಹಾಗೆ ಕಲಿಸಬಾರದು.

ವೀಣೆ_ಮಲ್ಲೇಶ್ವರ:

ಎಲ್ಲರಿಗೂ ವಂದನೆ. ಇದನ್ನೆಲ್ಲ ಪೋಷಕರಿಗೆ ಹೀಗೆ ಹೇಳಬೇಕು ಅಂದುಕೊಂಡಿದ್ದೇನೆ. ಹೊಸ ವರಸೆ ಬಂದ ವಾರ ಟಿವಿ, ಫೋನ್ ದೂರ ಇರಲಿ, ಹೊತ್ತು ಕಮ್ಮಿಯಾದರೂ ಪರವಾಗಿಲ್ಲ. ಮೂರು ಕಾಲದಲ್ಲೂ ಕೈ ಕೂತ ಹಳೆಯ ವರಸೆಯನ್ನು ಮನೆಯ ಗಲಾಟೆಯ ನಡುವೆ ನುಡಿಸಲಿ, ಬೇಕಾದರೆ ಮಾತಾಡಿಸಿ. ಮತ್ತು ಪಾಠ ಒಪ್ಪಿಸುವಾಗ ನಾನು ಮಧ್ಯದ ಸಾಲಿನಿಂದಲೂ ಕೇಳುತ್ತೇನೆ.

ಒಂದು ತೊಂದರೆ ಮಾತ್ರ ಇದೆ. ಈಗ ಎಲ್ಲರ ಶ್ರುತಿಯೂ ಫೋನಿನ ಆಪ್‌ನಲ್ಲೇ. ಫೋನ್ ದೂರ ಇಡಿ ಅಂದರೆ ಶ್ರುತಿ ಎಲ್ಲಿಂದ ತರುವುದು?

ಮೃದಂಗ_ಬಸವನಗುಡಿ:

ಫ್ಲೈಟ್ ಮೋಡ್ ಹಾಕಿಸಿ ಮೇಡಂ. ಇಳಿಸಿಕೊಂಡ ತಂಬೂರಿ ಆಪ್‌ಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಫೋನನ್ನು ಕೈಗೆಟುಕದ ಕಡೆ, ಪರದೆ ಕೆಳಗೆ ಮಾಡಿ ಇಡಲಿ. ಆಗುವವರು ಎಲೆಕ್ಟ್ರಾನಿಕ್ ತಂಬೂರಿಯನ್ನೇ ಕೊಳ್ಳಲಿ. ಅದನ್ನು ರೂಪಿಸಿದ ಜಿ. ರಾಜ್‌ನಾರಾಯಣ್ ಅವರ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದೇ. ತುಂಬ ಮನೆಗಳಲ್ಲಿ ಹಳೆಯ ಪೆಟ್ಟಿಗೆ ಅಟ್ಟದ ಮೇಲೆ ಸುಮ್ನೆ ಬಿದ್ದಿರುತ್ತದೆ. ಅಜ್ಜಿ ತಾತಂದಿರನ್ನು ಒಮ್ಮೆ ಕೇಳಿ ನೋಡಲು ಹೇಳಿ.